ದೊರೆಯ ಹೊಗೆಗೂಡು
(ಬಾನುಲಿ ಭಾಷಣ)

ಮನೆಯೊಂದರ ಮಾಡು ಸೋರುವುದು ಲೋಕದ ಸುದ್ದಿಯೇನಲ್ಲ. ಕೊಡಗಿನಲ್ಲಂತೂ ಸೋರದ ಮಾಡು ಎಲ್ಲಿಯಾದರೂ ಇದ್ದರೆ ಅದೇ ಸುದ್ದಿ. ಆದರೂ 2024ರ ಹುತ್ತರಿ ಕಳೆದ ಮೇಲೆ ಮಡಿಕೇರಿಯ ನಮ್ಮ ಹಳೆಯ ಮನೆಯ ಹೊಗೆಗೂಡನ್ನು ಕೆಡವಿಸಿ, ಆ ಜಾಗದ ಮಾಡನ್ನು ಮುಚ್ಚಿಸಿದ ಸಂಗತಿಯನ್ನು ಕೇಳುಗರ ಮುಂದೆ ಇಡಬೇಕೆನಿಸಿದೆ. ಮೂವತ್ತು ವರ್ಷಕ್ಕೂ ಮೀರಿ ಹುಡುಗರಿಗೆ ಹಳಗನ್ನಡ ಪಾಠ ಹೇಳಿದ ನಾನು ನನ್ನ ಮನೆಯ ಗೋಡೆಯನ್ನೇ ತಪ್ಪಾಗಿ ಓದಿಕೊಂಡಿದ್ದೆನೆಂಬುದು ಆಗ ತಿಳಿಯಿತು. ತಪ್ಪೊಪ್ಪಿಗೆಗೆ ಬಾನುಲಿಗಿಂತ ಒಳ್ಳೆಯ ಜಾಗವಿಲ್ಲ. ಕೇಳುವವರ ಮುಖ ಕಾಣುವುದಿಲ್ಲ.

ನಮ್ಮದು ದೊರೆಯೊಬ್ಬನ ಬಂಗಲೆಯಾಗಿದ್ದ ಮನೆ. ಕಾಫಿ ತೋಟದ ಬಿಳಿಯ ದೊರೆಯೊಬ್ಬನಿಂದ ನಮ್ಮ ಅಜ್ಜ 1936ರಲ್ಲಿ ಅದನ್ನು ಕೊಂಡುಕೊಂಡರು. ಅಜ್ಜ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ ಮೇಲೆ ಬಂದವರು. ಹಳ್ಳಿಯಲ್ಲಿ ಸ್ವಲ್ಪ ಗದ್ದೆ, ಸ್ವಲ್ಪ ಕಾಫಿ ಇತ್ತು. ಮನೆಯ ಮುಂಗೋಣೆಯ ಪಶ್ಚಿಮದ ಗೋಡೆಯಲ್ಲಿ ಬೆಂಕಿಗೂಡು, ಅದರ ಮೇಲೆ ಕರಿಮರದ ಹಲಗೆ, ಹಲಗೆಯ ಮೇಲೆ ಅಜ್ಜನ ಭಾವಚಿತ್ರ. ಅಲ್ಲಿಂದ ಮಾಡನ್ನು ಸೀಳಿಕೊಂಡು ಮೇಲೆದ್ದ ಇಟ್ಟಿಗೆಯ ಚೌಕಟ್ಟು ಹೊಗೆಗೂಡು. ಅದನ್ನು ನಾವೆಲ್ಲ ದೊರೆಯ ಹೊಗೆಗೂಡೆಂದೇ ಕರೆಯುತ್ತಿದ್ದೆವು. ನೆಂಟರು ಬಂದರೆ, ‘ಇದು ಇಂಗ್ಲಿಷರ ಕಾಲದ್ದು’ ಎಂದು ತೋರಿಸುತ್ತಿದ್ದೆವು. ಹಾಗೆ ಹೇಳುವಾಗ ದನಿಯಲ್ಲಿ ಒಂದು ಬಗೆಯ ಬಿಗುಮಾನವಿರುತ್ತಿತ್ತು ಎಂಬುದನ್ನೂ ಒಪ್ಪಿಕೊಳ್ಳಬೇಕು.

ಅದು ಸೋರುತ್ತಿತ್ತು. ನನಗೆ ನೆನಪಿರುವ ಎಲ್ಲ ಮಳೆಗಾಲಗಳಲ್ಲಿಯೂ ಸೋರುತ್ತಿತ್ತು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಬೀಳುತ್ತದೆ ಎನ್ನುವುದೂ ಸರಿಯಾದ ಮಾತಲ್ಲ. ಕಕ್ಕಡದ ಮಳೆ ಪಡುವಣ ಗಾಳಿಯ ಹೆಗಲೇರಿ ಅಡ್ಡಡ್ಡಲಾಗಿ ಬಂದು ಗೋಡೆಗೆ ಹೊಡೆಯುತ್ತದೆ. ಇಳಿಜಾರಾದ ಮಾಡಿನಲ್ಲಿ ನೀರು ತಡೆಯಿಲ್ಲದೆ ಹರಿಯುತ್ತಿದ್ದರೆ ಚಿಂತೆಯಿಲ್ಲ. ಹೊಳೆಯ ನಡುವೆ ಬಂಡೆ ನಿಂತಂತೆ ನಡುವೆ ಒಂದು ಕಂಬ ನಿಂತರೆ ಅದರ ಬೆನ್ನಿಗೆ ನೀರು ಕಟ್ಟಿಕೊಳ್ಳುತ್ತದೆ, ಎಲೆ ಕೊಳೆಯುತ್ತದೆ, ಪಾಚಿ ಬೆಳೆಯುತ್ತದೆ. ಇಟ್ಟಿಗೆ ಮತ್ತು ಹಂಚು ಸೇರುವ ಸಂದಿಗೆ ತಗಡು ಬಡಿದು ಗಾರೆ ಹಚ್ಚಿರುತ್ತಾರೆ. ಬಿಸಿಲಿಗೆ ತಗಡು ಹಿಗ್ಗುತ್ತದೆ, ಗಾರೆ ಹಿಗ್ಗುವುದಿಲ್ಲ. ಸಂದಿ ಬಾಯಿ ಬಿಡುತ್ತದೆ. ಅಪ್ಪ ಸಿಮೆಂಟು ಮೆತ್ತಿಸಿದರು. ಸುಣ್ಣದ ಗಾರೆಯ ಮೆತ್ತನೆಯ ಗೋಡೆಗೆ ಸಿಮೆಂಟಿನ ಪಟ್ಟಿ ಹೊಂದಲಿಲ್ಲ. ತಾನೂ ಬಿರಿಯಿತು, ಇಟ್ಟಿಗೆಯ ಮೇಲ್ಪದರವನ್ನೂ ಕಿತ್ತುಕೊಂಡಿತು. ನನ್ನ ಕಾಲಕ್ಕೆ ಡಾಂಬರು ಬಳಿಸಿದೆ. ಅದರ ಫಲವನ್ನು ಹೇಳದಿರುವುದೇ ಮೇಲು.

2018ರ ಆಗಸ್ಟಿನಲ್ಲಿ ನಮ್ಮ ನಾಡಿನ ಗುಡ್ಡಗಳು ಕುಸಿದುದನ್ನು ಯಾರೂ ಮರೆತಿಲ್ಲ. ಆ ಮೇಲೆ ಮಡಿಕೇರಿಯಲ್ಲಿ ಗೋಡೆಯ ಬಿರುಕನ್ನು ನೋಡುವ ಕಣ್ಣೇ ಬದಲಾಯಿತು. ಹೊಗೆಗೂಡು ಒಂದು ಕಡೆಗೆ ತುಸು ವಾಲಿದೆ ಎಂದು ನನಗೆ ಅನಿಸತೊಡಗಿದ್ದು ಆಗಲೇ. ಮೊದಲಿನಿಂದಲೂ ವಾಲಿತ್ತೋ ಏನೋ. 2024ರ ನವೆಂಬರಿನ ಕೊನೆಯಲ್ಲಿ ಪುದುಚೇರಿಯ ಬಳಿ ನೆಲ ಮುಟ್ಟಿದ ಫೆಂಗಲ್ ಚಂಡಮಾರುತದ ಬಾಲ ನಮ್ಮ ಮೇಲೂ ಆಡಿತು. ಕಾಫಿ ಹಣ್ಣು ಕೊಯ್ಯುವ ಹೊತ್ತಿನಲ್ಲಿ ಮಳೆ! ಅಜ್ಜನ ಭಾವಚಿತ್ರದ ಗಾಜಿನೊಳಕ್ಕೆ ನೀರು ಇಳಿಯಿತು. ಎಂಬತ್ತೆಂಟು ವರ್ಷದ ನನ್ನ ಅವ್ವ ಅದನ್ನು ನೋಡಿ, ‘ಈಗಲಾದರೂ ಅದನ್ನು ತೆಗೆಸು ಮಗ, ನಿನ್ನ ಅಜ್ಜನ ಮೀಸೆಯೇ ತೊಳೆದು ಹೋಗುತ್ತಿದೆ’ ಎಂದರು.

ನನಗೆ ಮನಸ್ಸಿರಲಿಲ್ಲ. ಹಳೆಯದನ್ನು ಉಳಿಸಬೇಕೆಂದು ಊರಿನವರಿಗೆಲ್ಲ ಭಾಷಣ ಮಾಡಿದವನು ನಾನು. ನೂರು ವರ್ಷ ಮೀರಿದ ವಸ್ತುವನ್ನು ಒಡೆಸುವುದು ಹೇಗೆ? ‘ನೂರು ವರ್ಷ’ ಎಂಬುದು ನನ್ನ ಲೆಕ್ಕ. ಆ ಲೆಕ್ಕಕ್ಕೆ ಆಧಾರವೇನೆಂದು ಆಗ ಯಾರಾದರೂ ಕೇಳಿದ್ದರೆ, ಎಲ್ಲರೂ ಹಾಗೆ ಹೇಳುತ್ತಾರೆ ಎಂಬುದಕ್ಕಿಂತ ಹೆಚ್ಚಿನ ಉತ್ತರ ನನ್ನಲ್ಲಿರಲಿಲ್ಲ.

ಇಲ್ಲಿ ಕೊಂಚ ಹಿಂದಕ್ಕೆ ಹೋಗಬೇಕು. ಕೊಡಗಿನ ಮನೆಗಳಿಗೆ ಹೊಗೆಗೂಡು ಎಂಬುದೇ ಇರಲಿಲ್ಲ. ಐನ್‌ಮನೆಯನ್ನು ಬಲ್ಲವರು ಅದರ ಕೈಯಾಲೆಯನ್ನು, ಐಮರವನ್ನು, ದೀಪ ತೂಗುವ ನೆಲ್ಲಕ್ಕಿ ನಡುಬಾಡೆಯನ್ನು ವರ್ಣಿಸುತ್ತಾರೆ. ಒಲೆಯ ಹೊಗೆ ಎಲ್ಲಿಗೆ ಹೋಗುತ್ತಿತ್ತೆಂದು ಯಾರೂ ಕೇಳುವುದಿಲ್ಲ. ಅದು ಎಲ್ಲಿಗೂ ಹೋಗುತ್ತಿರಲಿಲ್ಲ, ಮನೆಯಲ್ಲಿಯೇ ಇರುತ್ತಿತ್ತು. ಒಲೆಯ ಮೇಲೆ ಬಿದಿರಿನ ಅಟ್ಟ. ಅಟ್ಟದ ಮೇಲೆ ಹಸಿ ಸೌದೆ, ಬಿತ್ತನೆಯ ಬೀಜ, ಒಣಗಿಸುವ ಮಾಂಸ, ಮಳೆಗಾಲದಲ್ಲಿ ಒಣಗದ ಬಟ್ಟೆ. ಇವನ್ನೆಲ್ಲ ಸುತ್ತಿಕೊಂಡು ಹೊಗೆ ಮೇಲೇರಿ ತೊಲೆಗಳಿಗೆ ಕರಿಯ ಲೇಪ ಕೊಟ್ಟು, ಹುಲ್ಲಿನ ಹೊದಿಕೆಯ ಎಳೆಎಳೆಗಳ ನಡುವೆ ಸೋಸಿಕೊಂಡು ಹೊರಬೀಳುತ್ತಿತ್ತು. ಆ ಹೊಗೆಯೇ ಮರಕ್ಕೆ ಗೆದ್ದಲು ಹತ್ತದಂತೆ, ಹುಲ್ಲಿಗೆ ಹುಳು ಬೀಳದಂತೆ ಕಾಯುತ್ತಿತ್ತು. ಒಲೆ ಉರಿಯದ ಹುಲ್ಲುಮನೆ ಬಹುಕಾಲ ಬಾಳುವುದಿಲ್ಲವೆಂಬುದನ್ನು ಹಳ್ಳಿಯಲ್ಲಿ ಬೆಳೆದವರು ಬಲ್ಲರು.

ಇದು ನಮ್ಮ ಹಿಂದುಳಿದಿರುವಿಕೆ ಎಂದು ತಿಳಿಯಬೇಕಾಗಿಲ್ಲ. ಇಂಗ್ಲೆಂಡಿನ ಹಳ್ಳಿಯ ಮನೆಗಳಲ್ಲಿಯೂ ಬಹುಕಾಲ ನಡುಮನೆಯ ನೆಲದ ಮೇಲೆಯೇ ಬೆಂಕಿ ಉರಿಯುತ್ತಿತ್ತು, ಹೊಗೆ ಹುಲ್ಲಿನ ಮಾಡಿನ ಮೂಲಕವೇ ಹೊರಹೋಗುತ್ತಿತ್ತು. ವಿಲಿಯಂ ಹ್ಯಾರಿಸನ್ ಎಂಬ ಪಾದ್ರಿ 1577ರಲ್ಲಿ ತನ್ನ ದೇಶವನ್ನು ವರ್ಣಿಸಿ ಬರೆದಾಗ, ತಮ್ಮ ಊರಿನ ಮುದುಕರು ಈಚೆಗೆ ಎದ್ದಿರುವ ಹೊಗೆಗೂಡುಗಳ ಸಂಖ್ಯೆಯನ್ನು ಕಂಡು ಬೆರಗಾಗುತ್ತಾರೆಂದು ದಾಖಲಿಸಿದ. ಹೊಗೆ ಮರವನ್ನು ಗಟ್ಟಿಗೊಳಿಸುತ್ತದೆ, ಮನೆಮಂದಿಗೂ ಒಳ್ಳೆಯ ಮದ್ದು ಎಂದು ಹಿಂದೆ ಜನ ನಂಬಿದ್ದರು. ಹೊಗೆಗೂಡು ಬಂದ ಮೇಲೆ ನೆಗಡಿ ತಲೆನೋವುಗಳು ಹೆಚ್ಚಿದವು ಎಂದು ಗೊಣಗಿದ. ನಮ್ಮ ಹಳ್ಳಿಯ ಯಾವ ಅಜ್ಜನೂ ಹೇಳಬಹುದಾದ ಮಾತು. 1662ರಲ್ಲಿ ಅಲ್ಲಿನ ಸರ್ಕಾರ ಒಲೆಗೊಂದು ತೆರಿಗೆಯನ್ನೇ ಹಾಕಿತು. ಜನ ಶಪಿಸಿದರು, 1689ರಲ್ಲಿ ಅದನ್ನು ತೆಗೆದುಹಾಕಿದರು. ಅಂತೂ ಹೊಗೆಗೂಡು ಅಲ್ಲಿಯೂ ಅನಾದಿಯದಲ್ಲ. ಚಳಿಯ ಆ ನಾಡಿನಲ್ಲಿ ಅದು ಬೇರೂರಿತು. ವೇಲ್ಸಿನ ಕಡೆಯವರು ಗುಡ್ಡದ ಕಲ್ಲನ್ನು ಹಾಳೆಹಾಳೆಯಾಗಿ ಸೀಳಿ ಮಾಡಿಗೆ ಹೊದಿಸಿದರು. ಹೊಗೆಗೂಡಿನ ಬುಡಕ್ಕೆ ಸೀಸದ ಹಾಳೆಯನ್ನು ಬಟ್ಟೆಯಂತೆ ಮಡಿಸಿ ಹೊಲಿದರು. ನಮ್ಮ ಹಿಮಾಲಯದ ತಪ್ಪಲಲ್ಲಿ, ಕಾಂಗಡಾ ಚಂಬಾಗಳ ಕಡೆ, ಇಂತಹ ಕಲ್ಲುಹಾಳೆಯ ಮಾಡುಗಳಿವೆ. ಕೊಡಗಿನ ಕಲ್ಲು ಹಾಗೆ ಸೀಳಿಕೊಡುವ ಜಾತಿಯದಲ್ಲ.

ಕೊಡಗಿಗೆ ಬಂದದ್ದು ಮಂಗಳೂರು ಹಂಚು. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರ ಪದಚ್ಯುತನಾದದ್ದು 1834ರಲ್ಲಿ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಇಳಿದದ್ದೂ ಅದೇ ವರ್ಷ. ಆ ಮಿಷನ್ನಿನ ಮುದ್ರಣಾಲಯದ ಕೆಲಸಕ್ಕೆಂದು ಬಂದ ಗಿಯೋರ್ಗ್ ಪ್ಲೆಬ್‌ಸ್ಟ್ ಎಂಬಾತ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ. ಅಕ್ಷರದ ಅಚ್ಚಿನಿಂದ ಹಂಚಿನ ಅಚ್ಚಿಗೆ! ಕನ್ನಡದ ಮೇಷ್ಟ್ರಾದ ನನಗೆ ಈ ಸಂಗತಿ ಮೊದಲಿನಿಂದಲೂ ಪ್ರಿಯವಾದುದು. ಒಂದರ ಅಂಚು ಇನ್ನೊಂದಕ್ಕೆ ಸಿಕ್ಕಿಕೊಳ್ಳುವ ಈ ಬಗೆಯ ಹಂಚಿಗೆ ಆಲ್ಸೇಸಿನ ಗಿಲಾರ್ದೋನಿ ಸಹೋದರರು 1841ರಲ್ಲಿ ಹಕ್ಕುಪತ್ರ ಪಡೆದಿದ್ದರು. ನೇತ್ರಾವತಿ ಗುರುಪುರ ಹೊಳೆಗಳ ದಂಡೆಯ ಜೇಡಿಮಣ್ಣು ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಒಂದು ಚದರ ಮೀಟರಿಗೆ ಸುಮಾರು 15 ಹಂಚು ಸಾಕು. ನಾಡಹಂಚಿನ ಮಾಡಿಗಿಂತ ಹಗುರ. ಹುಲ್ಲಿನಂತೆ ವರ್ಷವರ್ಷ ಹೊದಿಸುವ ಗೋಳಿಲ್ಲ, ಬೆಂಕಿಯ ಭಯವಿಲ್ಲ. ಎತ್ತಿನ ಗಾಡಿಗಳಲ್ಲಿ ಹುಲ್ಲು ಹಾಸಿ ಹಂಚು ಜೋಡಿಸಿ ಸಂಪಾಜೆ ಘಾಟಿಯನ್ನು ಹತ್ತಿಸಿ ತಂದರು. ರೈಲು ಕೊಡಗಿಗೆ ಅಂದೂ ಇರಲಿಲ್ಲ, ಇಂದಿಗೂ ಇಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆ, ಇಪ್ಪತ್ತನೆಯದರ ಮೊದಲ ದಶಕಗಳ ಹೊತ್ತಿಗೆ ಉಳ್ಳವರ ಐನ್‌ಮನೆಗಳು ಒಂದೊಂದಾಗಿ ಕೆಂಪು ತೊಟ್ಟವು.

ಹಂಚು ಬಂದರೂ ಹೊಗೆಯ ದಾರಿ ಬದಲಾಗಲಿಲ್ಲ. ಹಂಚು ಹಂಚಿನ ಸಂದಿಯಲ್ಲಿ ಅದು ತೂರಿಕೊಂಡು ಹೋಗುತ್ತಿತ್ತು. ಚಳಿಗಾಲದ ಬೆಳಗಿನಲ್ಲಿ ಅಡಿಗೆಮನೆಯ ಮಾಡು ಇಡಿಯಾಗಿ ಆವಿಯಾಡುವುದನ್ನು ನನ್ನ ವಯಸ್ಸಿನವರೆಲ್ಲ ಕಂಡಿದ್ದಾರೆ.

ಹೊಗೆಗೂಡನ್ನು ತಂದವರು ತೋಟದ ದೊರೆಗಳೇ. 1854ರಲ್ಲಿ ಜಾನ್ ಫೌಲರ್ ಮಡಿಕೇರಿಯಲ್ಲಿ ತೋಟ ತೆರೆದ ಮೇಲೆ ಬಿಳಿಯರ ಬಂಗಲೆಗಳು ಎದ್ದವು. ಅವರಿಗೆ ಬೆಂಕಿಗೂಡು ಬೇಕಾಗಿದ್ದುದು ಚಳಿಗಾಗಿ ಎಂದು ನಾವು ತಿಳಿಯುತ್ತೇವೆ. ನನಗೆ ಹಾಗೆ ತೋರುವುದಿಲ್ಲ. ನಮ್ಮ ಚಳಿ ಕಂಬಳಿಗೆ ಬಗ್ಗುವ ಚಳಿ. ಬಗ್ಗದಿರುವುದು ಮಳೆಗಾಲದ ತೇವ. ಪುಸ್ತಕದ ರಟ್ಟಿಗೆ, ಬೂಟಿಗೆ, ಹಾಸಿಗೆಗೆ ಬಿಳಿಯ ಬೂಷ್ಟು ಹಿಡಿಯುತ್ತದಲ್ಲ, ಅದರ ವಿರುದ್ಧ ಹೂಡಿದ ಯುದ್ಧ ಆ ಬೆಂಕಿಗೂಡು. ನಮ್ಮವರು ಅದೇ ಯುದ್ಧವನ್ನು ಒಲೆಯ ಮೇಲಿನ ಅಟ್ಟದಿಂದ ಮಾಡುತ್ತಿದ್ದರು.

ಇನ್ನು ಕೆಡವಿದ ಕಥೆಗೆ ಬರೋಣ. ಹುತ್ತರಿಗೂ ಹೂಮಳೆಗೂ ನಡುವೆ ಸಿಗುವುದು ಎರಡು ತಿಂಗಳ ಒಣ ಹವೆ. ಮಾಡಿನ ಕೆಲಸಕ್ಕೆ ಅದೇ ಕಾಲ. ಕಾಫಿ ಕೊಯ್ಲಿಗೂ ಅದೇ ಕಾಲ. ಆಳುಗಳೆಲ್ಲ ತೋಟದಲ್ಲಿ. ಕೊನೆಗೆ ಸುಳ್ಯದ ಕಡೆಯ ಒಬ್ಬ ಹಿರಿಯ ಮೇಸ್ತ್ರಿ ಇಬ್ಬರು ಹುಡುಗರನ್ನು ಕಟ್ಟಿಕೊಂಡು ಬಂದರು. ಬಿದಿರಿನ ಸಾರವೆ ಕಟ್ಟಿ ಮೇಲೆ ಹತ್ತಿದವರೇ ಸರಸರನೆ ಇಳಿದು ಬಂದು, ‘ಸಾರ್, ಒಳಗೆ ಜೇನಿದೆ’ ಎಂದರು. ತುಡುವೆ ಜೇನು ಹೊಗೆಗೂಡಿನೊಳಗೆ ಸಂಸಾರ ಹೂಡಿತ್ತು. ಹೊಗೆಯ ಗೂಡಾಗಬೇಕಾದುದು ಜೇನಿನ ಗೂಡಾಗಿತ್ತು! ಜೇನು ಸಾಕುವ ನೆರೆಯವರೊಬ್ಬರು ಬಂದು ರಾಣಿಯನ್ನೂ ಎರಿಯನ್ನೂ ಪೆಟ್ಟಿಗೆಗೆ ಇಳಿಸಿಕೊಂಡು ಹೋದರು. ಅದಕ್ಕೇ ಎರಡು ದಿನ ಹಿಡಿಯಿತು.

ಆ ಮೇಲೆ ನೆತ್ತಿಯಿಂದ ಒಂದೊಂದೇ ಇಟ್ಟಿಗೆ. ಒಳಕ್ಕೆ ಬೀಳಿಸಬಾರದು, ಬಿದ್ದರೆ ಕೆಳಗಿನ ಬೆಂಕಿಗೂಡಿನ ಕಮಾನು ಒಡೆಯುತ್ತದೆ. ಮಾಡಿನ ಮೇಲೆ ಉರುಳಿಸಬಾರದು, ಹಂಚು ಪುಡಿಯಾಗುತ್ತದೆ. ಮಂಕರಿಯಲ್ಲಿಟ್ಟು ಹಗ್ಗದಿಂದ ಇಳಿಸಿದರು. ಅಪ್ಪ ಮೆತ್ತಿಸಿದ ಸಿಮೆಂಟಿಗೆ ಉಳಿ ಸುತ್ತಿಗೆ ಬೇಕಾಯಿತು. ಅದರ ಕೆಳಗಿನ ಸುಣ್ಣದ ಗಾರೆ ಕೈಯಿಂದ ಎತ್ತಿದರೇ ಬಿಟ್ಟುಕೊಳ್ಳುತ್ತಿತ್ತು, ಇಟ್ಟಿಗೆ ಇಡಿಯಾಗಿಯೇ ಬರುತ್ತಿತ್ತು. ಮೇಸ್ತ್ರಿ ಒಂದು ಚೂರು ಗಾರೆಯನ್ನು ಬೆರಳಲ್ಲಿ ಉಜ್ಜಿ ನೋಡಿ, ಬೆಲ್ಲದ ನೀರು ಹಾಕಿ ಕಲಸಿದ್ದಾರೆ ಎಂದರು. ನಾನು ಒಳ್ಳೆಯ ವಿದ್ಯಾರ್ಥಿಯಂತೆ ಕೆಳಗೆ ನಿಂತು ಇಟ್ಟಿಗೆಗಳ ಒಳಮುಖವನ್ನು ನೋಡುತ್ತಿದ್ದೆ. ಮಸಿಯೇ ಇಲ್ಲ. ಮೇಲಿನಿಂದ ಮಾಡಿನ ಮಟ್ಟದವರೆಗೂ ಇಟ್ಟಿಗೆ ಸುಟ್ಟ ದಿನದ ಹಾಗೆ ಕೆಂಪಗಿತ್ತು. ಕೆಳಗಿನ ಎರಡು ಮೂರು ಅಡಿಗಳಲ್ಲಿ ಮಾತ್ರ ತೆಳುವಾದ ಕಪ್ಪು. ಇಂಗ್ಲಿಷ್ ದೊರೆಯೊಬ್ಬ ಹತ್ತಾರು ಮಳೆಗಾಲ ಇದರಲ್ಲಿ ಬೆಂಕಿ ಉರಿಸಿದ್ದರೆ ಇಷ್ಟೇ ಮಸಿಯೆ?

ಮೂರನೆಯ ದಿನ ಮೇಸ್ತ್ರಿ ಇನ್ನೊಂದು ಮಾತು ಹೇಳಿದರು. ‘ಸಾರ್, ಇದು ಮನೆಯ ಜೊತೆಗೆ ಕಟ್ಟಿದ್ದಲ್ಲ. ಪಕಾಸು ಕೊಯ್ದಿದ್ದಾರೆ ನೋಡಿ.’ ಹತ್ತಿ ನೋಡಿದೆ. ಅರವತ್ತಾರರ ಮೊಣಕಾಲಿಗೆ ಅದು ಸಣ್ಣ ಸಾಹಸವಲ್ಲ. ಮಾಡಿನ ಪಕಾಸುಗಳೆಲ್ಲ ಸೂರಿನಿಂದ ಬೆನ್ನಿನವರೆಗೆ ಒಂದೇ ಉದ್ದಕ್ಕೆ ಹೋಗಿದ್ದವು. ಹೊಗೆಗೂಡು ಇದ್ದ ಕಡೆ ಮಾತ್ರ ಮೂರು ಪಕಾಸುಗಳನ್ನು ನಡುವೆ ಗರಗಸದಿಂದ ಕತ್ತರಿಸಿ, ತುದಿಗಳನ್ನು ಒಂದು ಅಡ್ಡಪಟ್ಟಿಗೆ ಮೊಳೆಯಿಂದ ಹೊಡೆದು ನಿಲ್ಲಿಸಿದ್ದರು. ಮೊದಲೇ ಯೋಚಿಸಿ ಕಟ್ಟಿದವನು ಹಾಗೆ ಮಾಡುವುದಿಲ್ಲ.

ಆಗ ಹಂಚುಗಳನ್ನು ಮಗುಚಿ ನೋಡಿದೆವು. ಮನೆಯ ಮಾಡಿನ ಹಂಚುಗಳ ಬೆನ್ನಿಗೆ ಬಾಸೆಲ್ ಮಿಷನ್ನಿನ ಮುದ್ರೆ, ಜೊತೆಗೆ 1865 ಎಂಬ ಅಂಕೆ. ಈ ಅಂಕೆಯನ್ನು ಕಂಡು ತಮ್ಮ ಮನೆ 1865ರದ್ದೆಂದು ಹೇಳಿಕೊಳ್ಳುವವರು ನಮ್ಮಲ್ಲಿ ಬಹಳ ಮಂದಿ. ಅದು ಕಾರ್ಖಾನೆ ಹುಟ್ಟಿದ ವರ್ಷ, ಹಂಚು ಹುಟ್ಟಿದ ವರ್ಷವಲ್ಲ. ಹೊಗೆಗೂಡಿನ ಸುತ್ತಣ ಎರಡು ಸಾಲಿನ ಹಂಚುಗಳ ಮೇಲಿದ್ದುದು ಬೇರೆ ಮುದ್ರೆ: ಕಾಮನ್‌ವೆಲ್ತ್ ಟ್ರಸ್ಟ್. ಚರಿತ್ರೆ ಬಲ್ಲವರಿಗೆ ಇದರ ಅರ್ಥ ಕೂಡಲೇ ಹೊಳೆಯುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಬಾಸೆಲ್ ಮಿಷನ್ನಿನ ಉದ್ಯಮಗಳನ್ನು ಬ್ರಿಟಿಷ್ ಸರ್ಕಾರ ಶತ್ರುವಿನ ಆಸ್ತಿಯೆಂದು ವಶಪಡಿಸಿಕೊಂಡಿತು. ಯುದ್ಧದ ಬಳಿಕ ಅವು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಎಂದರೆ ಮನೆಯ ಮಾಡು ಯುದ್ಧದ ಹಿಂದಿನದು, ಹೊಗೆಗೂಡಿನ ಬುಡದ ಹಂಚು ಯುದ್ಧದ ಈಚಿನದು. ಒಡೆದ ಹಂಚನ್ನು ಬದಲಿಸಿರಬಹುದಲ್ಲ ಎಂದು ನಾನು ಇನ್ನೂ ವಾದಿಸುತ್ತಿದ್ದೆ. ಬಹುಕಾಲ ನಂಬಿದ್ದನ್ನು ಮನಸ್ಸು ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಆ ರಾತ್ರಿ ಅಜ್ಜನ ಲೆಕ್ಕದ ಪುಸ್ತಕಗಳನ್ನು ಕೆಳಗಿಳಿಸಿದೆ. ಅವನ್ನು ನಾನು ಹಿಂದೆಯೂ ಓದಿದ್ದೆ. ಅಜ್ಜನ ಮೋಡಿ ಅಕ್ಷರವನ್ನು ಓದಬಲ್ಲವನು ಮನೆಯಲ್ಲಿ ನಾನೊಬ್ಬನೇ ಎಂಬ ಹೆಮ್ಮೆಯೂ ಇತ್ತು. 1938ರ ಪುಸ್ತಕದಲ್ಲಿ ಒಂದು ನಮೂದಿದೆ: ‘ಚಿಮಣಿ ಬಾಬ್ತು 67 ರೂಪಾಯಿ.’ ಇದನ್ನು ನಾನು ಕನಿಷ್ಠ ನಾಲ್ಕು ಸಲ ಓದಿರಬೇಕು. ಓದಿದಾಗಲೆಲ್ಲ ಸೀಮೆಎಣ್ಣೆಯ ಖರ್ಚೆಂದು ಮುಂದೆ ಸಾಗಿದ್ದೆ.

ಏಕೆಂದರೆ ಕನ್ನಡದಲ್ಲಿ ಚಿಮಣಿ ಎಂದರೆ ದೀಪ. ಚಿಮಣಿ ಬುಡ್ಡಿ, ಚಿಮಣಿ ಎಣ್ಣೆ. ಇಂಗ್ಲಿಷಿನಲ್ಲಿ ಲಾಂದ್ರದ ಗಾಜಿನ ಕೊಳವೆಗೂ ಅದೇ ಹೆಸರಿರುವುದರಿಂದ ಮಾತು ದೀಪದ ಜೊತೆಗೆ ನಮ್ಮಲ್ಲಿಗೆ ಬಂತು. ಮನೆಯ ಮೇಲೆ ಹೊಗೆಗೂಡೇ ಇಲ್ಲದ ನಾಡಿನಲ್ಲಿ ಆ ಪದಕ್ಕೆ ಬೇರೆ ಕೆಲಸವಿರಲಿಲ್ಲ. ದೀಪದ ಗಾಜಿನಿಂದ ದೀಪಕ್ಕೆ, ದೀಪದಿಂದ ಅದಕ್ಕೆ ಹಾಕುವ ಎಣ್ಣೆಗೆ ಜಾರಿತು. ಗಾಜೇ ಇಲ್ಲದ ತಗಡಿನ ಬುಡ್ಡಿಗೂ ಚಿಮಣಿಯೆಂಬ ಹೆಸರು ನಿಂತಿತು. ಪದಗಳ ಅರ್ಥ ಹೇಗೆ ಜಾರುತ್ತದೆಂಬುದಕ್ಕೆ ಇದನ್ನೇ ಉದಾಹರಣೆಯಾಗಿ ಕೊಟ್ಟು ತರಗತಿಯಲ್ಲಿ ಪಾಠ ಮಾಡಿದವನು ನಾನು. ಕಿಟೆಲ್ ಮಡಿಕೇರಿಯಲ್ಲಿಯೂ ಕೆಲಸ ಮಾಡಿದವನು, 1894ರಲ್ಲಿ ಅವನ ನಿಘಂಟು ಹೊರಬಂತು ಎಂದೆಲ್ಲ ಹುಡುಗರಿಗೆ ಹೇಳುತ್ತಿದ್ದೆ. ಆದರೆ 1938ರಲ್ಲಿ 67 ರೂಪಾಯಿಗೆ ಎಷ್ಟು ಸೀಮೆಎಣ್ಣೆ ಬರುತ್ತಿತ್ತೆಂದು ಒಂದು ಸಲವೂ ಯೋಚಿಸಲಿಲ್ಲ. ಊರಿಗೆ ಊರೇ ವರ್ಷವಿಡೀ ದೀಪ ಹಚ್ಚಬಹುದಾಗಿತ್ತೇನೋ! ಮುಂದಿನ ಸಾಲುಗಳಲ್ಲಿಯೇ ಇತ್ತು: ಇಟ್ಟಿಗೆ, ಸುಣ್ಣ, ಬೆಲ್ಲ, ಹಂಚು, ಗಾಡಿ ಬಾಡಿಗೆ.

ದೊರೆಯ ಹೊಗೆಗೂಡನ್ನು ಕಟ್ಟಿಸಿದವರು ನಮ್ಮ ಅಜ್ಜ. ದೊರೆ ಆ ಮನೆಯಲ್ಲಿ ಹೊಗೆಗೂಡಿಲ್ಲದೆಯೇ ಬಾಳಿ ಹೋಗಿದ್ದ.

ಬೆಳಿಗ್ಗೆ ಪುಸ್ತಕವನ್ನು ಹಿಡಿದುಕೊಂಡು ಅವ್ವನ ಬಳಿಗೆ ಹೋದೆ. ದೊಡ್ಡ ಸಂಶೋಧನೆಯನ್ನು ಮಂಡಿಸುವ ಗತ್ತಿನಲ್ಲಿ ಹೇಳಿದೆ. ಅವ್ವ ಬೆಳ್ಳುಳ್ಳಿ ಬಿಡಿಸುತ್ತಿದ್ದರು. ‘ಅದು ನನಗೆ ಗೊತ್ತಲ್ಲ’ ಎಂದರು.

‘ಮತ್ತೆ ಇಷ್ಟು ವರ್ಷ ಏಕೆ ಹೇಳಲಿಲ್ಲ ಅವ್ವ?’

‘ನೀವು ಯಾರು ಕೇಳಿದಿರಿ? ಗಂಡಸರೆಲ್ಲ ನೆಂಟರ ಮುಂದೆ ದೊರೆ ದೊರೆ ಎನ್ನುತ್ತಿದ್ದಿರಿ. ನಡುವೆ ಬಾಯಿ ಹಾಕುವುದೆ?’

ಅವರು 1955ರಲ್ಲಿ ಸೊಸೆಯಾಗಿ ಬಂದಾಗ ಅಜ್ಜಿ ಹೇಳಿದ್ದರಂತೆ. ಕಚೇರಿಯ ದೊಡ್ಡ ಅಧಿಕಾರಿಯೊಬ್ಬರು ಚಹಾಕ್ಕೆ ಬರುವವರಿದ್ದರು. ದೊರೆಯ ಬಂಗಲೆ ಕೊಂಡಿದ್ದಾನೆ, ಬೆಂಕಿಗೂಡೇ ಇಲ್ಲವಲ್ಲ ಎಂದು ಯಾರೋ ಅಜ್ಜನನ್ನು ಕೆಣಕಿದ್ದರು. ಮಡಿಕೇರಿಯ ಒಬ್ಬ ಗಾರೆಯವನನ್ನು ಹಿಡಿದು ಆರು ವಾರದಲ್ಲಿ ಕಟ್ಟಿಸಿದರು. ಅಧಿಕಾರಿ ಬಂದರೋ ಇಲ್ಲವೋ ಅವ್ವನಿಗೆ ತಿಳಿಯದು.

ಅದರಲ್ಲಿ ಬೆಂಕಿ ಹಾಕಿದ್ದನ್ನು ಅವ್ವ ಕಂಡದ್ದು ಮೂರೇ ಸಲ. ಒಂದು ಸಲ ನನಗಾಗಿ. ನಾನು ಹುಟ್ಟಿದ ವರ್ಷದ ಕಕ್ಕಡದಲ್ಲಿ, ಮಗುವಿಗೆ ಬೆಚ್ಚಗಿರಲೆಂದು ಅಪ್ಪ ಮುಂಗೋಣೆಯಲ್ಲಿ ಬೆಂಕಿ ಮಾಡಿದರಂತೆ. ಹೊಗೆಯೆಲ್ಲ ತಿರುಗಿ ಒಳಕ್ಕೇ ನುಗ್ಗಿತು. ಅಜ್ಜಿ ನನ್ನನ್ನು ಎತ್ತಿಕೊಂಡು ಅಡಿಗೆಮನೆಗೆ ಓಡಿದರು. ಅಲ್ಲಿನ ಹೊಗೆಯಾದರೂ ಪರಿಚಯದ ಹೊಗೆ.

ಹೀಗೇಕಾಯಿತೆಂಬುದು ಈಗ ಕೆಡವಿದ ಮೇಲೆ ತಿಳಿಯುತ್ತದೆ. ಹೊಗೆಗೂಡಿನ ತುದಿ ಮಾಡಿನ ಬೆನ್ನಿಗಿಂತ ಎತ್ತರವಾಗಿರಬೇಕು. ನಮ್ಮದರ ತುದಿ ಬೆನ್ನಿಗಿಂತ ಒಂದು ಮೊಳ ಕೆಳಗೇ ನಿಂತಿತ್ತು. ಬೆನ್ನಿಗೆ ಬಡಿದ ಗಾಳಿ ಸುಳಿಯಾಗಿ ತಿರುಗಿ ಹೊಗೆಯನ್ನು ಕೆಳಕ್ಕೆ ತಳ್ಳುತ್ತದೆ. ಒಳಗಿನ ಕೊಳವೆಗೆ ಬೆಂಕಿಯ ಮೇಲೆ ಒಂದು ಕಡೆ ಕೊರಳು ಸಣ್ಣದಾಗಬೇಕು, ಆಗ ಹೊಗೆಗೆ ಎಳೆತ ಹುಟ್ಟುತ್ತದೆ. ನಮ್ಮದು ಬಾವಿಯಂತೆ ಬುಡದಿಂದ ತುದಿಯವರೆಗೆ ಒಂದೇ ಅಗಲ. ಆ ಗಾರೆಯವನು ದೊರೆಗಳ ಹೊಗೆಗೂಡನ್ನು ರಸ್ತೆಯಿಂದ ನೋಡಿದ್ದ, ಒಳಗೆ ಇಣುಕಿರಲಿಲ್ಲ. ಕಟ್ಟಿಸಿದವರೂ ಅಷ್ಟೆ. ಅವನನ್ನು ದೂರುವ ಮನಸ್ಸು ನನಗಿಲ್ಲ. ನಾನು ಓದಿದ ಕಾಲೇಜುಗಳಲ್ಲಿ ಇಂಗ್ಲಿಷ್ ವಿಮರ್ಶೆಯನ್ನು ತಂದು ಕನ್ನಡ ಕಾವ್ಯಕ್ಕೆ ಹೊದಿಸಿದವರಲ್ಲಿಯೂ ಕೆಲವರು ರಸ್ತೆಯಿಂದ ನೋಡಿದವರೇ ಆಗಿದ್ದರು. ಇರಲಿ, ಅದು ಬೇರೆ ಭಾಷಣ.

ನನ್ನನ್ನು ಕಾಡಿದ್ದು ಇದಲ್ಲ. ಮುಂಗೋಣೆಯಿಂದ ಅಡಿಗೆಮನೆಗೆ ಹದಿನಾಲ್ಕು ಹೆಜ್ಜೆ. ಆ ರಾತ್ರಿಯ ಮೇಲೆ ಎಣಿಸಿದ್ದೇನೆ. ಅಡಿಗೆಮನೆಯಲ್ಲಿ ಬೆಳಗಿನ ಐದರಿಂದ ರಾತ್ರಿ ಒಂಬತ್ತರವರೆಗೆ ಒಲೆ ಉರಿಯುತ್ತಿತ್ತು. ಬೆಂಕಿಯಿಲ್ಲದ ಕೋಣೆಗೆ 67 ರೂಪಾಯಿಯ ಹೊಗೆಗೂಡು, ಬೆಂಕಿ ಆರದ ಕೋಣೆಗೆ ಒಂದು ಬೆಳಕಿಂಡಿಯೂ ಇಲ್ಲ. ಅಜ್ಜಿ ಕೆಮ್ಮುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ನಮ್ಮ ಮನೆಯ ಗಡಿಯಾರವೇ ಅದು ಎನ್ನುವಂತೆ ನಸುಕಿನಲ್ಲಿ ಅವರ ಕೆಮ್ಮಿಗೆ ನಾವು ಏಳುತ್ತಿದ್ದೆವು. ಅದು ಮುಪ್ಪಿನ ಕೆಮ್ಮು, ಮಳೆಯ ಕೆಮ್ಮು ಎಂದು ಮನೆಯವರೆಲ್ಲ ನಂಬಿದ್ದರು. 1979ರಲ್ಲಿ ಅವರು ತೀರಿಕೊಂಡರು. ಬೀಡಿಯ ಹೊಗೆ ಹೇಗಿರುತ್ತದೆಂದೂ ಅರಿಯದವರ ಶ್ವಾಸಕೋಶ ಹೀಗೇಕಾಯಿತೆಂದು ವೈದ್ಯರು ಕೇಳಿದ್ದರೆಂದು ಅವ್ವ ಹೇಳುತ್ತಾರೆ. 2020ರಲ್ಲಿ ಲೋಕದಾದ್ಯಂತ ಸುಮಾರು 32 ಲಕ್ಷ ಮಂದಿ ಮನೆಯೊಳಗಿನ ಹೊಗೆಯಿಂದ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆ ಹಳೆಯ ಮನೆಗಳ ತೊಲೆಯನ್ನು ನೂರು ವರ್ಷ ಕಾದ ಹೊಗೆ ಹೆಂಗಸರನ್ನು ಕಾಯಲಿಲ್ಲ. ಐನ್‌ಮನೆಯ ಸೊಬಗನ್ನು ಹಾಡುವಾಗ ಈ ಮಾತನ್ನು ನಾನೂ ಬಿಟ್ಟೇ ಹಾಡಿದ್ದೇನೆ.

ಅಡಿಗೆಮನೆಗೆ ಹೊಗೆಗೂಡು ಬಂದದ್ದು ದೊರೆಗಳಿಂದಲ್ಲ, ಬೆಂಗಳೂರಿನಿಂದ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಎ. ಕೆ. ಎನ್. ರೆಡ್ಡಿಯವರ ಮುಂದಾಳುತನದಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಎಂಬ ಕೇಂದ್ರ ಹುಟ್ಟಿತು. ಮಣ್ಣು ಇಟ್ಟಿಗೆಗಳ ಮುಚ್ಚಿದ ಒಲೆ, ಸೌದೆ ಇಡಲು ಕಬ್ಬಿಣದ ಜಾಲರಿ, ಹಿಂದೆ ಮಾಡಿನ ಮೇಲಕ್ಕೆ ಹೋಗುವ ಸಿಮೆಂಟಿನ ಕೊಳವೆ: ಅದೇ ಅಸ್ತ್ರ ಒಲೆ. ಎಂಬತ್ತರ ದಶಕದಲ್ಲಿ ಅದು ಕರ್ನಾಟಕದ ಹಳ್ಳಿಹಳ್ಳಿಗೂ ಹಬ್ಬಿತು. 1986ರಲ್ಲಿ ಅವ್ವ, ಅಪ್ಪನನ್ನು ಕೇಳದೆ, ಕಾಫಿ ಬೀಜ ಹೆಕ್ಕಿ ಕೂಡಿಟ್ಟ ತಮ್ಮದೇ ಹಣದಿಂದ ಅದನ್ನು ಕಟ್ಟಿಸಿದರು. ಕೊಳವೆ ಹಾಯಿಸಲು ಹಂಚು ತೆಗೆದಾಗ ಅಪ್ಪ ಮಾಡು ಸೋರುತ್ತದೆಂದು ಎಗರಾಡಿದರು. ಕೊಳವೆ ಮಾಡಿನ ಬೆನ್ನಿಗಿಂತ ಮೇಲಿತ್ತು. ಬುಡಕ್ಕೆ ತಗಡಿನ ಕೊಡೆಯಿತ್ತು. ಅದು ಸೋರಲಿಲ್ಲ. ಸೋರುತ್ತಿದ್ದುದು ಅಜ್ಜನದು.

ಈಗ ಆ ಒಲೆಯೂ ಇಲ್ಲ, ಅನಿಲ ಬಂದಿದೆ.

ಮಾಡು ಮುಚ್ಚಿಸುವುದು ಕೆಡವಿದ್ದಕ್ಕಿಂತ ಕಷ್ಟವಾಯಿತು. ಕತ್ತರಿಸಿದ ಪಕಾಸುಗಳ ಪಕ್ಕಕ್ಕೆ ಹೊಸ ಪಕಾಸುಗಳನ್ನು ಜೋಡಿಸಿ, ಅಡ್ಡಕ್ಕೆ ರೀಪು ಹೊಡೆದದ್ದು ಒಂದು ದಿನದ ಕೆಲಸ. ಹಂಚಿಗೆ ಮೂರು ವಾರ ಅಲೆದೆ. ಅಂಗಡಿಯಲ್ಲಿ ಸಿಗುವ ಇಂದಿನ ಹಂಚು ಹಳೆಯ ರೀಪಿನ ಅಂತರಕ್ಕೆ ಕೂರುವುದಿಲ್ಲ. ಕಾರ್ಖಾನೆಯಿಂದ ಕಾರ್ಖಾನೆಗೆ ಹಂಚಿನ ಉದ್ದ ಒಂದು ಬೆರಳಿನಷ್ಟು ವ್ಯತ್ಯಾಸ. ಹತ್ತು ಸಾಲು ಹೋದರೆ ಆ ಬೆರಳು ಒಂದು ಗೇಣಾಗುತ್ತದೆ. ಮಂಗಳೂರಿನ ಹಳೆಯ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿವೆ. ಇರುವ ದಾರಿ ಒಂದೇ: ಯಾರದೋ ಮನೆ ಬೀಳಬೇಕು, ನಮ್ಮ ಮಾಡು ಮುಚ್ಚಬೇಕು. ಸುಳ್ಯದ ಹತ್ತಿರ ಕಾಂಕ್ರೀಟಿನ ಮನೆಗಾಗಿ ಕೆಡವಿದ ಹಳೆಯ ಮನೆಯಿಂದ ಮೇಸ್ತ್ರಿ ಅರುವತ್ತು ಹಂಚು ತಂದರು. ಗಾಡಿಯಲ್ಲಲ್ಲ, ಜೀಪಿನಲ್ಲಿ, ದಾರಿ ಮಾತ್ರ ಅದೇ ಸಂಪಾಜೆ ಘಾಟಿ. ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡಿದರು. ಕಣಕಣ ಎಂದರೆ ಇಟ್ಟುಕೊಳ್ಳುವುದು, ಬೊದ್ದೆಂದರೆ ಬಿರುಕಿದೆ, ಪಕ್ಕಕ್ಕೆ. ಆ ನೆಪದಲ್ಲಿ ಇಡೀ ಮಾಡಿಗೆ ಒಮ್ಮೆ ಕೈಯಾಡಿಸಿದರು. ಜನವರಿಯ ಕೊನೆಗೆ ಕೆಲಸ ಮುಗಿಯಿತು. ಬೆಂಕಿಗೂಡಿನ ಬಾಯಿಯನ್ನು ಹಾಗೆಯೇ ಉಳಿಸಿ ಒಳಗೆ ಹಲಗೆ ಕೊಟ್ಟು ಪುಸ್ತಕವಿಟ್ಟಿದ್ದೇನೆ. ಅಜ್ಜನ ಭಾವಚಿತ್ರ ಮೊದಲಿನ ಜಾಗದಲ್ಲಿಯೇ ಇದೆ, ಮೀಸೆ ಕೊಂಚ ಕಲೆಗಟ್ಟಿದೆ. ಕೆಡವಿದ ಇಟ್ಟಿಗೆಯಿಂದ ಬಚ್ಚಲೊಲೆಯನ್ನು ಹೊಸದಾಗಿ ಕಟ್ಟಿದ್ದೇವೆ. ಅದಕ್ಕೆ ಕೊಳವೆಯಿದೆ.

ಹೂಮಳೆ ಬಂದ ರಾತ್ರಿ ನಾನು ಮುಂಗೋಣೆಯಲ್ಲಿ ಕೈದೀಪ ಹಿಡಿದು ಕುಳಿತಿದ್ದೆ. ಒಂದು ಹನಿಯೂ ಬೀಳಲಿಲ್ಲ. ನೆತ್ತಿಯ ಮೇಲೆ ಹೊಸದಾಗಿ ಕೂರಿಸಿದ ಹಳೆಯ ಹಂಚುಗಳ ಸದ್ದು ಬೇರೆಯೇ ಕೇಳುತ್ತಿತ್ತು; ಮಾಡಿನ ಉಳಿದ ಭಾಗಕ್ಕೆ ಪಾಚಿ ಹಿಡಿದಿರುವುದರಿಂದ ಅಲ್ಲಿ ಮಳೆಯ ಸದ್ದು ಮೆತ್ತಗೆ.

ಬಾಸೆಲ್ ಮುದ್ರೆಯ ಒಂದು ಹಂಚನ್ನೂ ಕಾಮನ್‌ವೆಲ್ತ್ ಮುದ್ರೆಯ ಒಂದು ಹಂಚನ್ನೂ ಬರೆಯುವ ಮೇಜಿನ ಮೇಲೆ ಸಾಕ್ಷಿಗೆಂದು ತೆಗೆದಿಟ್ಟಿದ್ದೆ. ಮರುದಿನ ನೋಡಿದರೆ ಎರಡನೆಯದು ಕಾಣಲಿಲ್ಲ. ಮನೆಯೆಲ್ಲ ಹುಡುಕಿದೆ. ಉಗ್ರಾಣದಲ್ಲಿತ್ತು. ಕಾಚಂಪುಳಿಯ ಭರಣಿಗೆ ಮುಚ್ಚಳ ಒಡೆದಿತ್ತೆಂದು ಅವ್ವ ಅದನ್ನು ತೊಳೆದು, ಮುದ್ರೆ ಕೆಳಮುಖವಾಗಿ, ಭರಣಿಯ ಬಾಯಿಗೆ ಕವುಚಿ ಇಟ್ಟಿದ್ದರು.